ಬೇಡವೆನ್ನುವ ಕೈ

ಅಕ್ಕಲಕೋಟದ ಬಸ್ಸು ಸೊಲ್ಲಾಪುರದ ಸ್ಟ್ಯಾಂಡು ಬಿಡುವ ಮೊದಲೇ ಅಣ್ಣಾರಾಯ ಕಿಟಕಿ ಪಕ್ಕದ ಸೀಟು ಕಳೆದುಕೊಂಡಿದ್ದ. ಕಳೆದುಕೊಂಡ ಅನ್ನುವುದೂ ಸರಿಯಲ್ಲ, ತಾನಾಗಿಯೇ ಕೊಟ್ಟುಬಿಟ್ಟಿದ್ದ. ಸ್ವಾಮಿಗಳ ದರ್ಶನಕ್ಕೆ ಹೊರಟಿದ್ದ ದಪ್ಪ ಮನುಷ್ಯನೊಬ್ಬ ಬಂದು ನಿಂತು, 'ನಿಮಗ ಖಿಡಕಿ ಬೇಕೇನ್ರಿ?' ಎಂದು ಕೇಳಿದ. ಅದೇನು ಕೇಳುವ ಮಾತೇ? ಬೇಕಾಗಿತ್ತೆಂದೇ ಅಲ್ಲವೇ ಅವನು ಎಲ್ಲರಿಗಿಂತ ಮೊದಲು ಬಂದು ಟವೆಲ್ಲು ಹಾಸಿ ಕೂತದ್ದು? ಆದರೆ ಬಾಯಿ, 'ಛೇ ಛೇ, ನನಗ್ಯಾಕ್ರಿ, ಬರ್ರಿ ಬರ್ರಿ' ಎಂದಿತು. ಎಡಗೈ ತಾನಾಗಿ ಎದ್ದು, ಅಂಗೈ ಹೊರಗೆ ಮಾಡಿ, ಗಾಳಿಯಲ್ಲಿ ಎರಡು ಸಲ ಅಲ್ಲಾಡಿತು. ಒಂದು ಮಾತಿಗೆ ಹಾಗೆ ಅಂದದ್ದು. ಆ ಮನುಷ್ಯ ಮರ್ಯಾದಸ್ಥನಾಗಿದ್ದರೆ 'ಇಲ್ರಿ, ನೀವ ಕೂಡ್ರಿ' ಅನ್ನಬೇಕಿತ್ತು, ಇವನು 'ಹಂಗೆಂಗ ಆಗ್ತದ್ರಿ' ಅನ್ನಬೇಕಿತ್ತು, ಕೊನೆಗೆ ಅವನು ಒತ್ತಾಯ ಮಾಡಿ ಇವನನ್ನೇ ಕೂಡಿಸಬೇಕಿತ್ತು. ಅವನು ಮಾತ್ರ 'ಬರೋಬ್ಬರ' ಎಂದು ಇವನ ತೊಡೆ ದಾಟಿ ಒಳಗೆ ಹೋಗಿ ಕೂತು ಕಣ್ಣು ಮುಚ್ಚಿಬಿಟ್ಟ. ಬಸ್ಸು ಹೊರಟಾಗ ಅಣ್ಣಾರಾಯ ಆ ಮನುಷ್ಯನ ಮತ್ತು ಹೆಂಡತಿ ಕಸ್ತೂರಬಾಯಿಯ ನಡುವೆ ಇರುಕಿಕೊಂಡು, ತೊಡೆಯ ಮೇಲೆ ಬಿಸಿ ಆಮ್ಟಿ ಸಾರಿನ ಡಬ್ಬಿ ಇಟ್ಟುಕೊಂಡು ಕೂತಿದ್ದ. ಡಬ್ಬಿಯ ಶಾಖ ಧೋತರ ದಾಟಿ ಚರ್ಮಕ್ಕೆ ಹತ್ತುತ್ತಿತ್ತು.

ಕಸ್ತೂರಬಾಯಿ ಏನೂ ಅನ್ನಲಿಲ್ಲ. ಏನೂ ಅನ್ನದೆ ಬೈಯುವುದು ಅವಳಿಗೆ ತವರಿನಿಂದ ಬಂದ ವಿದ್ಯೆ. ಕೋಳಿ ಕೂಗುವ ಮೊದಲು ಎದ್ದು ಶೇಂಗಾ ಹೋಳಿಗೆ, ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಮಸಾಲೆ ಅನ್ನ, ಆಮ್ಟಿ ಎಲ್ಲ ಮಾಡಿ, ಡಬ್ಬಿಗಳಿಗೆ ತುಂಬಿ, ಪಂಜೆಯಲ್ಲಿ ಬಿಗಿದು ಕಟ್ಟಿದವಳು ಅವಳು. ಆಮ್ಟಿಯದೊಂದು ಬಿಟ್ಟು ಉಳಿದ ಡಬ್ಬಿಗಳೆಲ್ಲ ಈಗ ಅವಳ ಕಾಲಬುಡದಲ್ಲಿದ್ದವು. ಅವಳ ಅಪ್ಪ ಸಾತಲಿಂಗಪ್ಪ ಅಕ್ಕಲಕೋಟದಲ್ಲಿ ಶೇಂಗಾದ ಅಡತಿ ಅಂಗಡಿ ಇಟ್ಟವನು, ಹೊಲಮನೆ ಇದ್ದವನು. ಗಂಡ ಮದುವೆ ಊಟದ ಹೊಸ ಧಂದೆ ಹಾಕುತ್ತಾನೆ, ರೊಕ್ಕ ಬೇಕು ಎಂದು ಅವಳು ಹೇಳಿ ಕಳಿಸಿದ್ದಕ್ಕೆ ಅವನು, 'ರೊಕ್ಕದ ಮಾತು ಬಂದ ಮ್ಯಾಲ ಆಡೂಣು. ನಿಂತು ಊಟ ಅಂದ್ರ ಏನು, ತಂದು ತೋರಿಸ್ರಿ' ಎಂದು ಹೇಳಿ ಕಳಿಸಿದ್ದ. ಹಾಗಾಗಿ ಇವತ್ತು ಊಟ ತೋರಿಸುವುದು ಅವಳ ಕೆಲಸ, ರೊಕ್ಕ ಕೇಳುವುದು ಅವನ ಕೆಲಸ. ಅವಳ ಪಾಲಿನದು ಬಹುಮಟ್ಟಿಗೆ ಮುಗಿದಿತ್ತು. ಊರ ಹೊರಗಿನ ಮಿಲ್ಲಿನ ಚಿಮಣಿ ಹಿಂದೆ ಸರಿದ ಮೇಲೆ ಅವಳು ಅವನ ಕಡೆ ತಿರುಗದೆ, 'ಅಲ್ಲೆ ಹೋಗಿ ಹಿಂಗ ಮಾಡಬ್ಯಾಡ್ರಿ. ನಮ್ಮಪ್ಪ ಖಿಡಕಿ ಮನಶ್ಯಾನಕಿಂತ ಕಡಕ್ ಇದ್ದಾನ' ಎಂದಳು.

ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಹೊಸ ಅಳಿಯನಾಗಿ ಮೊದಲ ಸಲ ಹೋದಾಗ, ಮಣೆಯ ಮೇಲೆ ಕೂಡಿಸಿ, ರಂಗೋಲಿ ಹಾಕಿದ ತಾಟಿನ ಮುಂದೆ ಸಾತಲಿಂಗಪ್ಪ ತಾನೇ ಹೋಳಿಗೆ ಹಿಡಿದು ನಿಂತಿದ್ದ. ಮೊದಲನೆಯದು ಹಾಕಿದ, ಅಣ್ಣಾರಾಯ ತಿಂದ. ಅಂಥ ಹೋಳಿಗೆ ಅವನು ಜನ್ಮದಲ್ಲಿ ತಿಂದಿರಲಿಲ್ಲ. 'ಇನ್ನೊಂದು?' ಎಂದ ಮಾವ. ಎಡಗೈ ತಾಟಿನ ಮೇಲೆ ಅಡ್ಡ ಬಂತು. 'ಬ್ಯಾಡ್ರಿ, ಸಾಕ್ರಿ, ಹೊಟ್ಟಿ ತುಂಬೇದ್ರಿ.' ಸೊಲ್ಲಾಪುರದ ಅವನ ಮನೆಯಲ್ಲಿ ಇದು ಆಟದ ಮೊದಲ ನಡೆ ಮಾತ್ರ. ಮುಂದೆ ಬಡಿಸುವವರು ಆ ಕೈಯನ್ನು ಸರಿಸಿ, ಆಣೆ ಹಾಕಿ, ಬೆರಳ ಸಂದಿಯಲ್ಲಿ ಹೋಳಿಗೆ ತೂರಿಸಿ, ಮೇಲೆ ತುಪ್ಪ ಸುರಿದು, ಉಣ್ಣುವವನು ಸತ್ತೇ ಹೋಗುವನೆಂಬ ಹಂತಕ್ಕೆ ತಂದು ನಿಲ್ಲಿಸುತ್ತಿದ್ದರು. ಆಗ ಅದು ಊಟ. ಸಾತಲಿಂಗಪ್ಪ ಮಾತ್ರ, 'ತುಂಬಿತೇನು? ಛಲೋ ಆತು' ಎಂದು ಹೋಳಿಗೆಯನ್ನು ತಿರುಗಿ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಒಳಗೆ ಒಯ್ದುಬಿಟ್ಟ. ಮದುವೆಯಾದ ಹೊಸ ಗಂಡು ಅವತ್ತು ಮಾವನ ಮನೆಯಲ್ಲಿ ಹಸಿದು ಮಲಗಿದ. ಮುಂದೆಯೂ ಎಷ್ಟೋ ವರ್ಷ ಹಬ್ಬಕ್ಕೂ ಹುಣ್ಣಿಮೆಗೂ ಹಸಿದೇ ಮಲಗುತ್ತ ಬಂದಿದ್ದ. ಪ್ರತಿಸಲ ಹೋಗುವಾಗಲೂ ಈ ಸಲ ಮೊದಲ ಮಾತಿಗೇ ಹೂಂ ಅಂತೇನೆ ಎಂದು ನಿರ್ಧಾರ ಮಾಡುತ್ತಿದ್ದ, ಪ್ರತಿಸಲವೂ ಕೈ ಅವನಿಗಿಂತ ಮೊದಲು ಏಳುತ್ತಿತ್ತು.

ಈ ಧಂದೆಯ ವಿಚಾರ ಅವನ ತಲೆಗೆ ಬಂದದ್ದೂ ಈ ಹಸಿವಿನಿಂದಲೇ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಹಿಂದಿನ ವರ್ಷ ಮನೆಯ ಚಾದರದ ಅಂಗಡಿಯ ಕೆಲಸಕ್ಕೆ ಪುಣೆಗೆ ಹೋದಾಗ ಒಬ್ಬ ದೊಡ್ಡ ವ್ಯಾಪಾರಿಯ ಮಗಳ ಮದುವೆ. ಮಂಗಲ ಕಾರ್ಯಾಲಯದ ತುಂಬ ಟ್ಯೂಬ್‌ಲೈಟು. ಒಂದು ಉದ್ದ ಟೇಬಲ್ಲು, ಬಿಳಿ ಬಟ್ಟೆ, ಅದರ ಮೇಲೆ ಸಾಲಾಗಿ ಪಾತೇಲಿ. ಪಂಗತ್ತಿಲ್ಲ, ಮಣೆಯಿಲ್ಲ, ಬಡಿಸುವವರಿಲ್ಲ. ಮಂದಿ ತಾವೇ ತಾಟು ತೊಗೊಂಡು, ತಾವೇ ಹಾಕಿಕೊಂಡು, ನಿಂತಲ್ಲೇ ಉಣ್ಣುತ್ತಿದ್ದರು. ಮೊದಲು ಅವನಿಗೆ ದುಃಖವಾಯಿತು. ಯಾರೋ ಸತ್ತ ಮನೆಗೆ ಬಂದೆನೇನೋ ಅನ್ನಿಸಿತು. ಆಮೇಲೆ ಒಂದು ತಾಟು ಹಿಡಿದು ಸಾಲಿನಲ್ಲಿ ನಡೆದ. ಬಾಸುಂದಿಯ ಮುಂದೆ ಬಂದ. ಯಾರೂ ಏನೂ ಕೇಳಲಿಲ್ಲ. ಒಂದು ಸೌಟು ಹಾಕಿಕೊಂಡ. ಯಾರೂ ನೋಡಲಿಲ್ಲ. ಇನ್ನೊಂದು ಹಾಕಿಕೊಂಡ. ಯಾರೂ 'ಬೇಕೇನ್ರಿ' ಅನ್ನದೆ ಇರುವಾಗ 'ಬ್ಯಾಡ್ರಿ' ಅನ್ನುವುದಾದರೂ ಯಾರಿಗೆ? ಅವತ್ತು ಅಣ್ಣಾರಾಯ ತನ್ನ ಇಷ್ಟದ ಪ್ರಕಾರ ಉಂಡ, ಮೂಲೆಯ ಕಂಬಕ್ಕೆ ಒರಗಿ ನಿಂತು ಉಂಡ, ಉಂಡು ಅವನ ಕಣ್ಣಲ್ಲಿ ನೀರು ಬಂತು. ಅಲ್ಲೇ ನಿಂತು ಈ ಊಟವನ್ನು ಸೊಲ್ಲಾಪುರಕ್ಕೆ ತರಬೇಕು, ಜಗತ್ತಿನ ನಾಚಿಕೆಯ ಮಂದಿಗೆಲ್ಲ ಹೊಟ್ಟೆ ತುಂಬ ಉಣಿಸಬೇಕು ಎಂದು ಪಣ ತೊಟ್ಟ. ಆ ಕ್ಷಣಕ್ಕೆ ತಾನೊಬ್ಬ ಸಮಾಜ ಸುಧಾರಕನೆಂದೇ ಅವನಿಗೆ ಅನ್ನಿಸಿತ್ತು.

ಅವನ ಅಣ್ಣ ನಾಗಣ್ಣನಿಗೆ ಹಾಗೆ ಅನ್ನಿಸಲಿಲ್ಲ. ನಾಗಣ್ಣ ಚಾಟಿ ಗಲ್ಲಿಯ ಚಾದರದ ಅಂಗಡಿಯ ಗಾದಿಯ ಮೇಲೆ ಲೋಡಿಗೆ ಒರಗಿ ಕೂಡುವವನು, ಅಣ್ಣಾರಾಯ ಕೆಳಗೆ ನಿಂತು ಚಾದರ ಬಿಚ್ಚಿ ತೋರಿಸುವವನು. ಅಪ್ಪ ಸತ್ತ ಹೊಸದರಲ್ಲಿ ನಾಗಣ್ಣ, 'ನೀನೂ ಬಾರೋ, ಗಾದಿ ಮ್ಯಾಲ ಕೂಡು' ಎಂದಿದ್ದ. ಅಣ್ಣಾರಾಯ 'ಇರ್ಲಿ ಬಿಡಣ್ಣ' ಎಂದಿದ್ದ. ಅಣ್ಣ ಎರಡನೆಯ ಸಲ ಕರೆದಿರಲಿಲ್ಲ. ನಿಂತು ಉಣ್ಣುವ ಊಟದ ಮಾತು ತೆಗೆದಾಗ ಗಿರಾಕಿಗಳ ಮುಂದೆಯೇ ನಕ್ಕ: 'ತಾಟು ಹಿಡಕೊಂಡು ಸಾಲಾಗಿ ನಿಂತ ಮಂದೀಗಿ ಏನಂತಾರ ನಮ್ಮ ಕಡೆ ಗೊತ್ತದೇನು? ಆಂ? ಬೀಗರಿಗಿ ಭಿಕ್ಷಾ ಬೇಡಸ್ತೀಯೇನಲೇ?' ಚಾದರ ನೋಡಲು ಬಂದಿದ್ದ ಇಬ್ಬರು ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅವರಿಗೆ ಅಣ್ಣಾರಾಯ ನವಿಲಿನ ಚಾದರ ಮಡಚುತ್ತಿದ್ದ. ಮಡಿಕೆ ತಪ್ಪಿ ನವಿಲಿನ ತಲೆ ಒಂದು ಕಡೆ, ಬಾಲ ಒಂದು ಕಡೆ ಬಂದು, ಮತ್ತೆ ಬಿಚ್ಚಿ ಮಡಚಬೇಕಾಯಿತು.

ಬ್ಯಾಂಕಿಗೂ ಹೋಗಿ ಬಂದಿದ್ದ. ಸಾಹೇಬರು ಒಳ್ಳೆಯವರು, ಕುರ್ಚಿ ಕೊಟ್ಟರು, ಸಣ್ಣ ಧಂದೆಯವರಿಗೆ ಸಾಲ ಕೊಡಬೇಕೆಂದು ಮೇಲಿನಿಂದಲೇ ಹುಕುಂ ಬಂದಿದೆ ಎಂದರು. ಪಾತೇಲಿ, ಟೇಬಲ್ಲು, ತಾಟು, ಬಿಳಿ ಬಟ್ಟೆ, ದೊಡ್ಡ ಒಲೆ ಎಲ್ಲದರ ಲೆಕ್ಕ ಕೇಳಿ ತಲೆಯಾಡಿಸಿ, 'ಎಷ್ಟು ಪಾಹಿಜೆ, ಎಷ್ಟು ಬೇಕು ಹೇಳ್ರಿ' ಎಂದರು. ಅಣ್ಣಾರಾಯ ಒಂದು ಮಾತಿಗೆ, 'ನಿಮಗ ತಿಳದಷ್ಟು ಕೊಡ್ರಿ' ಎಂದ. ಅವರು ನಕ್ಕು, ಹಾಗೆ ಆಗುವುದಿಲ್ಲ, ಹೇಳಿ, ಎಂದರು. 'ನಿಮಗ್ಯಾಕ್ರಿ ಸುಮ್ನ ತ್ರಾಸ' ಎಂದ. ಅವರು ಪೆನ್ನಿನ ಟೊಪ್ಪಿಗೆ ಹಾಕಿದರು. ಹೊರಗೆ ಬಂದು ಕಟ್ಟೆಯ ಮೇಲೆ ಕೂತ ಅಣ್ಣಾರಾಯ ತನ್ನ ಎಡಗೈಯನ್ನು ಬಹಳ ಹೊತ್ತು ನೋಡಿದ. ಕೈ ನೋಡಲಿಕ್ಕೆ ಎಲ್ಲರ ಕೈಯಂತೆಯೇ ಇತ್ತು, ಉಗುರಿನ ಬುಡದಲ್ಲಿ ಚಾದರದ ನೀಲಿ ಬಣ್ಣ ಹತ್ತಿತ್ತು.

ವಳಸಂಗ ಬಂತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಅಣ್ಣಾರಾಯ ಅಭ್ಯಾಸ ಸುರು ಮಾಡಿದ. ಒಂದೇ ಶಬ್ದ. ಬೇಕು. ಮನಸ್ಸಿನಲ್ಲಿ ಅಂದಾಗ ಸಲೀಸಾಗಿ ಬರುತ್ತಿತ್ತು. ಬೇಕು. ನನಗೆ ಬೇಕು. ಮಾಮಾ, ಬೇಕು. ತುಟಿ ಅಲ್ಲಾಡಿಸಿ ನೋಡಿದ. ತುಸು ಉಸಿರು ಕೂಡಿಸಿದ. ಈ ಶಬ್ದದಲ್ಲಿ ಏನೋ ಅಸಹ್ಯವಿತ್ತು, ಮಂದಿಯ ಎದುರು ಅಂಗಿ ಬಿಚ್ಚಿದ ಹಾಗಿತ್ತು. ಅವನ ಅವ್ವ ಸಾಯುವ ಕಾಲಕ್ಕೂ ನೀರು ಬೇಕು ಅಂದವಳಲ್ಲ, 'ಯಾರರ ನೀರು ಕುಡೀತೀರೇನು?' ಎಂದು ಕೇಳಿದವಳು. ಅಂಥ ಅವ್ವನ ಮಗ ತಾನು. 'ಬೇಕು!' ಎಂದುಬಿಟ್ಟ. ಬಸ್ಸು ಆಗಷ್ಟೇ ಗೇರು ಬದಲಿಸಿ ಸದ್ದು ತಗ್ಗಿಸಿದ್ದರಿಂದ ಶಬ್ದ ಖಣ್ಣೆಂದು ಕೇಳಿಸಿತು. ಕಿಟಕಿಯ ಮನುಷ್ಯ ಬೆಚ್ಚಿ ಕಣ್ಣು ಬಿಟ್ಟು, 'ಏನ್ ಬೇಕ್ರಿ? ಖಿಡಕಿ ಬೇಕೇನ್ರಿ?' ಎಂದು ಏಳಲು ಹೊರಟ. 'ಇಲ್ರಿ ಇಲ್ರಿ, ಏನೂ ಬ್ಯಾಡ್ರಿ, ನೀವ ಕೂಡ್ರಿ' ಎಂದ ಅಣ್ಣಾರಾಯ, ಮತ್ತೆ ಕೈ ಅಲ್ಲಾಡಿತು. ಕಸ್ತೂರಬಾಯಿ ಹಣೆ ಹಣೆ ಬಡಿದುಕೊಂಡಳು.

ಸಾತಲಿಂಗಪ್ಪ ಮನೆಯ ಪಡಸಾಲೆಯಲ್ಲಿ ಶೇಂಗಾದ ಚೀಲಗಳ ನಡುವೆ ಕೂತಿದ್ದ. ಹೆಂಡತಿ ತೀರಿದ ಮೇಲೆ ಅವನ ಮಾತು ಇನ್ನೂ ಕಡಿಮೆಯಾಗಿತ್ತು. ಒಂದು ಶಬ್ದದಲ್ಲಿ ಮುಗಿಯುವುದಕ್ಕೆ ಎರಡು ಆಡಿದರೆ ಅವನಿಗೆ ಲುಕ್ಸಾನಾದ ಹಾಗೆ. ಅಳಿಯನಿಗೆ ಕಾಲಿಗೆ ನೀರು ಕೊಡಿಸಿದ. ಮಗಳು ಡಬ್ಬಿ ಎತ್ತಿಕೊಂಡು ಅಡುಗೆ ಮನೆಗೆ ಹೋದಳು. ಅಣ್ಣಾರಾಯ ಚೀಲಕ್ಕೆ ಬೆನ್ನು ಕೊಟ್ಟು ಕೂತು, ಗಂಟಲು ಸರಿಮಾಡಿಕೊಂಡು, ತನ್ನ ಮಾತಿನ ಪೀಠಿಕೆಯನ್ನು ಹುಡುಕಿದ. ಮೊದಲು ಮಳೆ ಬೆಳೆ, ಆಮೇಲೆ ಶೇಂಗಾದ ಭಾವ, ಆಮೇಲೆ ಪುಣೆ, ಆಮೇಲೆ ಸೊಲ್ಲಾಪುರದಲ್ಲಿ ಹೊಸದಾಗಿ ಎದ್ದಿರುವ ಮಂಗಲ ಕಾರ್ಯಾಲಯಗಳು, ಆಮೇಲೆ ನಿಧಾನವಾಗಿ, ಸುತ್ತಿ ಬಳಸಿ... 'ಮಳಿ ಹೆಂಗದ್ರಿ ಮಾಮಾ ಈ ಕಡಿ?' ಎಂದು ಬಾಯಿ ತೆಗೆಯುವಷ್ಟರಲ್ಲಿ ಸಾತಲಿಂಗಪ್ಪ ಅಂಗಿಯ ಒಳಜೇಬಿಗೆ ಕೈ ಹಾಕಿ ಕರವಸ್ತ್ರದಲ್ಲಿ ಕಟ್ಟಿದ ನೋಟಿನ ಗಂಟು ತೆಗೆದು ಅವನ ಮೂಗಿನ ಮುಂದೆ ಹಿಡಿದ.

'ರೊಕ್ಕ ಬೇಕಂತಲ್ಲ? ತೊಗೋರಿ. ಉಣ್ಣೂಕಿಂತ ಮೊದಲ ವ್ಯವಹಾರ ಮುಗೀಲಿ.'

ಅಣ್ಣಾರಾಯ ಗಂಟನ್ನು ನೋಡಿದ. ಕರವಸ್ತ್ರದ ಅಂಚಿಗೆ ಹಸಿರು ಗೆರೆ. ಒಳಗೆ ಪಾತೇಲಿ ಇತ್ತು, ಟೇಬಲ್ಲಿತ್ತು, ಬಿಳಿ ಬಟ್ಟೆ ಇತ್ತು, ಹೆಂಡತಿಯ ಹೆಸರಿನ ಬೋರ್ಡು ಇತ್ತು, ನಾಗಣ್ಣನ ಗಾದಿಯ ಕೆಳಗೆ ಇನ್ನೆಂದೂ ನಿಲ್ಲದ ತನ್ನ ಎರಡು ಕಾಲುಗಳಿದ್ದವು. ಇಷ್ಟು ಬೇಗ, ಇಷ್ಟು ನೆಟ್ಟಗೆ ಯಾರಾದರೂ ಕೊಡುತ್ತಾರೇನು? ಬಾಗಿಲಲ್ಲೇ ಸಿಹಿ ಬಡಿಸಿದ ಹಾಗಾಯಿತು. ಒಂದು ಕ್ಷಣ ಏನಾದರೂ ಅನ್ನಬೇಕಲ್ಲ, ಒಂದು ಮಾತಿಗೆ. 'ಅಯ್ಯ, ಏನ್ರಿ ಮಾಮಾ ಇದು, ಬ್ಯಾಡ್ರಿ, ಸುಮ್ನ ಯಾಕ್ರಿ ನಿಮಗ...' ಎಡಗೈ ಎದ್ದಿತ್ತು. ಅಂಗೈ ಹೊರಗಿತ್ತು. ಅದು ಗಾಳಿಯಲ್ಲಿ ಅಲ್ಲಾಡುವುದನ್ನು ಅಣ್ಣಾರಾಯ ದೂರದಿಂದ ನೋಡಿದ, ಬಲಗೈಯಿಂದ ಅದನ್ನು ಹಿಡಿದು ಕೆಳಗೆ ಎಳೆಯಬೇಕೆಂದುಕೊಂಡ, ಅಷ್ಟರಲ್ಲಿ ತಡವಾಗಿತ್ತು.

'ಬ್ಯಾಡೇನು?' ಎಂದ ಸಾತಲಿಂಗಪ್ಪ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಬೇಸರವೂ ಇರಲಿಲ್ಲ. 'ಛಲೋ ಆತು. ಆ ಕಸ್ತೂರಿ ಏನೇನರ ಹೇಳಿ ಕಳಿಸ್ತಾಳ.' ಗಂಟು ಒಳಜೇಬಿಗೆ ಹೋಯಿತು, ಗುಂಡಿ ಬಿತ್ತು. 'ಮಳಿ ಅಡ್ಡಿಯಿಲ್ಲ' ಎಂದ, ಮೊದಲಿನ ಪ್ರಶ್ನೆಗೆ ಉತ್ತರವಾಗಿ. ಆಮೇಲೆ ಎದ್ದು ಹೊರಗೆ ಹೋದ.

ಅಣ್ಣಾರಾಯ ಚೀಲದ ಹತ್ತಿರವೇ ಕೂತಿದ್ದ. ಒಂದು ಶೇಂಗಾ ಎತ್ತಿಕೊಂಡು ಒಡೆದ, ಜೊಳ್ಳಿತ್ತು. ಓಡಿಹೋಗಿ, 'ಮಾಮಾ, ನಾ ಅಂದದ್ದು ಹಂಗಲ್ಲ' ಅನ್ನಬಹುದಿತ್ತು. ಆದರೆ ಹಾಗಲ್ಲ ಅಂದರೆ ಹೇಗೆ? ಬ್ಯಾಡ ಅಂದರೆ ಬೇಕು ಎಂದು ಅರ್ಥ ಎಂದು ಒಬ್ಬ ದೊಡ್ಡ ಮನುಷ್ಯನಿಗೆ ಹೇಳುವುದು ಹೇಗೆ? ಮಾವ ಪ್ರತಿ ಸಲ ನಿಜ ಹೇಳಿದ, ಪ್ರತಿ ಸಲ ನಂಬಿದ. ಸುಳ್ಳು ಹೇಳಿದವನು ತಾನು, ಇಷ್ಟು ವರ್ಷ, ತಾಟಿನ ಮುಂದೆ ಕೂತು. ಬಾಗಿಲಲ್ಲಿ ಕಸ್ತೂರಬಾಯಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

'ಕೇಳಿದ್ರೇನು?'

'ಹೂಂ.'

'ಏನಂದಾ ಅಪ್ಪ?'

'ವಿಚಾರ ಮಾಡ್ತೀನಿ ಅಂದ್ರು.'

ಅವಳ ಮುಖ ಸಣ್ಣದಾಯಿತು. 'ವಿಚಾರ ಮಾಡ್ತೀನಿ ಅಂದಾನಾ? ನಮ್ಮಪ್ಪಾ?' ಎಂದಳು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ, 'ನಾ ಅವನಿಗಿ ಬ್ಯಾಡಾಗೀನಿ. ನನ್ನ ಮನೀಗಿ ಬರೂದು ಬಿಟ್ಟು ಎಷ್ಟ ವರ್ಸ ಆತು' ಎಂದು ಒಳಗೆ ಹೋದಳು. ಅಣ್ಣಾರಾಯನಿಗೆ ತನ್ನ ಮೇಲೆ ಹೇಸಿಗೆ ಬಂತು. ರೊಕ್ಕ ಕಳೆದದ್ದಲ್ಲದೆ ಹೆಂಡತಿಯ ಅಪ್ಪನನ್ನೂ ಕಳೆದಿದ್ದ.

ಮಧ್ಯಾಹ್ನದ ಹೊತ್ತಿಗೆ ಮಂದಿ ಬಂದರು. ಸಾತಲಿಂಗಪ್ಪ ನಿಂತು ಊಟ ನೋಡಲು ತನ್ನ ವ್ಯಾಪಾರದವರನ್ನು ಕರೆದಿದ್ದ. ತಡವಳದಿಂದ ಸಾಯಬಣ್ಣ, ವಾಗದರಿಯಿಂದ ಹಣಮಂತಪ್ಪ, ಅವರ ಜೊತೆಗೆ ನಾಲ್ಕಾರು ರುಮಾಲಿನ ರೈತರು. ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಎರಡು ಹೊರಸು ಜೋಡಿಸಿ, ಮೇಲೆ ಹೊಸ ಧೋತರ ಹಾಸಿ, ಕಸ್ತೂರಬಾಯಿ ಸಾಲಾಗಿ ಬೋಗುಣಿ ಇಟ್ಟಳು. ಒಂದು ತುದಿಗೆ ತಾಟುಗಳ ರಾಶಿ. ಎಣ್ಣೆಗಾಯಿಯ ವಾಸನೆ ಬೀದಿಗೆ ಹೋಗುತ್ತಿತ್ತು. ಕೆಲಸ ಮಾಡುವಾಗ ಅವಳ ಕಣ್ಣು ಕೆಂಪಗಿದ್ದುದನ್ನು ಅಣ್ಣಾರಾಯ ನೋಡಿದ. ರೊಕ್ಕ ಬರುವುದಿಲ್ಲವೆಂದು ತಿಳಿದೂ ಅವಳು ಹೋಳಿಗೆಗಳನ್ನು ಒಂದರ ಮೇಲೊಂದು ಅಂಚು ತಪ್ಪದೆ ಜೋಡಿಸುತ್ತಿದ್ದಳು.

'ಉಣ್ರಿ' ಎಂದ ಸಾತಲಿಂಗಪ್ಪ. ಅವನ ಆತಿಥ್ಯದ ಭಾಷಣ ಅಷ್ಟೇ.

ಯಾರೂ ಅಲ್ಲಾಡಲಿಲ್ಲ. ಸಾಯಬಣ್ಣ ಹಣಮಂತಪ್ಪನಿಗೆ, 'ನಡೀರಿ ಗೌಡ್ರ, ನೀವು ಹಿರ್ಯಾರು' ಎಂದ. ಹಣಮಂತಪ್ಪ, 'ಛೇ ಛೇ, ನೀವು ದೂರದಿಂದ ಬಂದವರು, ನೀವ ಮೊದಲ' ಎಂದ. 'ನನಗ ಹಸಿವೇ ಇಲ್ರಿ, ಮನ್ಯಾಗ ಉಂಡ ಬಂದೀನಿ.' 'ನಾನೂ ಉಂಡೀನ್ರಿ, ಬರೇ ನೋಡಾಕ ಬಂದೀನಿ.' ಹಿಂದಿನ ರೈತರು ಒಬ್ಬರನ್ನೊಬ್ಬರು ಮೊಣಕೈಯಿಂದ ಮುಂದೆ ತಳ್ಳುತ್ತ, ತಳ್ಳಿಸಿಕೊಂಡವನು ಹಿಂದೆ ಸರಿಯುತ್ತ, ಗುಂಪು ಇದ್ದಲ್ಲೇ ಒಂದು ಸುತ್ತು ತಿರುಗಿತು. ಎಲ್ಲರ ಕಣ್ಣೂ ಹೋಳಿಗೆಯ ಮೇಲಿತ್ತು. ಒಬ್ಬನ ಹೊಟ್ಟೆ ಗುರ್ ಎಂದಿತು, ಅವನು ಕೆಮ್ಮಿ ಮುಚ್ಚಿದ. ಸಾತಲಿಂಗಪ್ಪನಾದರೂ ಸುರು ಮಾಡುವವನೇ, ಆದರೆ ಮನೆಯ ಯಜಮಾನ ಊಟಕ್ಕೆ ಬಂದ ಪಾಹುಣೇರಿಗಿಂತ ಮೊದಲು ಉಣ್ಣುವ ಹಾಗಿಲ್ಲ. ಅದೊಂದು ಪದ್ಧತಿಯನ್ನು ಅವನೂ ಮೀರುವವನಲ್ಲ. ಅವನು ಕೈಕಟ್ಟಿ ನಿಂತು ಈ ಹೊಸ ಊಟವನ್ನು ಪರೀಕ್ಷಿಸುತ್ತಿದ್ದ. ಈತನಕ ಅವನಿಗೆ ಕಂಡದ್ದು ಇಷ್ಟೇ: ನಿಂತು ಊಟ ಅಂದರೆ ಮಂದಿ ನಿಲ್ಲುತ್ತಾರೆ, ಊಟ ಆಗುವುದಿಲ್ಲ.

ಅಣ್ಣಾರಾಯ ಬೆವೆತ. ಪುಣೆಯಲ್ಲಿ ಹೀಗಾಗಿರಲಿಲ್ಲ. ಪುಣೆಯ ಮಂದಿ ಪುಣೆಯವರು. ಇಲ್ಲಿ ನಿಂತವರು ಎಲ್ಲರೂ ತನ್ನಂಥವರು, ತನ್ನ ಅವ್ವನ ಮಕ್ಕಳು. ಈಗ ತಾನು ಮುಂದೆ ಹೋಗಿ ಕೈ ಹಿಡಿದೆಳೆದು, ಆಣೆ ಹಾಕಿ, ತಾಟಿಗೆ ತುರುಕಿದರೆ ಎಲ್ಲರೂ ಉಣ್ಣುತ್ತಾರೆ. ಆದರೆ ಅದು ಮತ್ತೆ ಹಳೆಯ ಪಂಗತ್ತೇ ಆಯಿತು, ಧಂದೆ ಇಲ್ಲಿಗೇ ಮುಗಿಯಿತು. ಸುಮ್ಮನಿದ್ದರೆ ಆಮ್ಟಿ ಆರುತ್ತದೆ. ಆಮ್ಟಿಯ ಮೇಲೆ ಆಗಲೇ ಎಣ್ಣೆಯ ಕೆನೆ ಕಟ್ಟುತ್ತಿತ್ತು. ನೊಣವೊಂದು ಯಾರ ಅಪ್ಪಣೆಯನ್ನೂ ಕೇಳದೆ ಮೊದಲನೆಯ ಹೋಳಿಗೆಯ ಮೇಲೆ ಕೂತಿತು. ಆ ನೊಣವನ್ನು ನೋಡಿ ಅಣ್ಣಾರಾಯನಿಗೆ ಹೊಟ್ಟೆಕಿಚ್ಚಾಯಿತು, ನಿಜವಾಗಿ ಹೊಟ್ಟೆಕಿಚ್ಚಾಯಿತು. ತಲೆಬಾಗಿಲಲ್ಲಿ ಕಸ್ತೂರಬಾಯಿ ನಿಂತಿದ್ದಳು. ಅವಳು ಅವನನ್ನು ನೋಡುತ್ತಿರಲಿಲ್ಲ, ತನ್ನ ಅಡುಗೆಯನ್ನು ನೋಡುತ್ತಿದ್ದಳು. ಯಾರಿಗೂ ಬೇಡವಾಗಿ ಬಿದ್ದ ಅಡುಗೆ. ಅದನ್ನು ನೋಡಲು ಅವನಿಂದ ಆಗಲಿಲ್ಲ.

ಅವನು ನಡೆದು ಹೋಗಿ ಒಂದು ತಾಟು ಎತ್ತಿದ. ಪಾಹುಣೇರಿಗಿಂತ ಮೊದಲು, ಮಾವನಿಗಿಂತ ಮೊದಲು, ರುಮಾಲಿನ ಹಿರಿಯರಿಗಿಂತ ಮೊದಲು, ಮನೆಯ ಅಳಿಯ ತಾಟು ಎತ್ತಿದ್ದ. 'ನನಗ ಬೇಕು' ಎಂದ. ಧ್ವನಿ ಒಡೆದಿತ್ತು, ಮೀಸೆ ಬರುವ ವಯಸ್ಸಿನವನ ಧ್ವನಿಯಂತೆ. 'ನನಗ ಹೋಳಿಗಿ ಬೇಕು. ಹಸಿವಾಗ್ಯಾದ. ಬಾಳ ಹಸಿವಾಗ್ಯಾದ.' ನೊಣವನ್ನು ಓಡಿಸಿ ಒಂದು ಹೋಳಿಗೆ ಹಾಕಿಕೊಂಡ. ಇನ್ನೊಂದು ಹಾಕಿಕೊಂಡ. ತುಪ್ಪದ ಗಿಂಡಿ ಬಗ್ಗಿಸಿದ, ಅದು ಸುರಿಯುತ್ತಲೇ ಇತ್ತು, ಅವನು ನಿಲ್ಲಿಸಲಿಲ್ಲ. ಎಣ್ಣೆಗಾಯಿ, ಚಟ್ನಿ, ರೊಟ್ಟಿ. ಆಮ್ಟಿಯ ಬಟ್ಟಲನ್ನು ತಾಟಿನೊಳಗೇ ಇಟ್ಟುಕೊಂಡ. ಗಿಡಕ್ಕೆ ಒರಗಿ ನಿಂತು, ಎಲ್ಲರೂ ನೋಡುತ್ತಿರುವಾಗ, ಹೋಳಿಗೆ ಮುರಿದು ಬಾಯಿಗೆ ಇಟ್ಟ. ಕಣ್ಣು ತಾವಾಗಿ ಮುಚ್ಚಿಕೊಂಡವು.

'ಏ, ಈ ಮನಶ್ಯಾ ಎಲ್ಲಾ ಖಾಲಿ ಮಾಡ್ತಾನ!' ಎಂದು ಹಿಂದಿನಿಂದ ಯಾರೋ ಕೂಗಿದರು. ಅಲ್ಲಿಗೆ ಮರ್ಯಾದೆಯ ಕಟ್ಟೆ ಒಡೆಯಿತು. ಮನೆಯಲ್ಲಿ ಉಂಡು ಬಂದಿದ್ದ ಸಾಯಬಣ್ಣ, ಬರೇ ನೋಡಲು ಬಂದಿದ್ದ ಹಣಮಂತಪ್ಪನನ್ನು ಸರಿಸಿ ತಾಟಿಗೆ ಕೈ ಹಾಕಿದ. ರುಮಾಲುಗಳು ಹೊರಸಿನ ಸುತ್ತ ಮುಗಿಬಿದ್ದವು. ಯಾರು ಎಷ್ಟು ಹಾಕಿಕೊಂಡರು ಯಾರೂ ನೋಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಂಗಳದ ತುಂಬ ಗಂಡಸರು ಅಲ್ಲಲ್ಲಿ ಒರಗಿ ನಿಂತು, ಗಾಡಿಯ ಮೂಕಿಗೆ, ಚೀಲದ ಒಟ್ಟಿಲಿಗೆ, ಎಮ್ಮೆಯ ಗೂಟಕ್ಕೆ, ಮಾತಿಲ್ಲದೆ ಉಣ್ಣುತ್ತಿದ್ದರು. ಹಣಮಂತಪ್ಪನ ಮೀಸೆಯಿಂದ ತುಪ್ಪ ತೊಟ್ಟಿಕ್ಕುತ್ತಿತ್ತು.

ಕೊನೆಗೆ ಸಾತಲಿಂಗಪ್ಪನೂ ತಾಟು ಹಿಡಿದ. ಒಂದೂವರೆ ರೊಟ್ಟಿ ಹಾಕಿಕೊಂಡ. ಅರ್ಧವನ್ನು ಅವನೇ ಮುರಿದು ಉಳಿದರ್ಧ ತಿರುಗಿ ಇಟ್ಟ. ಉಂಡ. ತಾಟು ಖಾಲಿಯಾಯಿತು. ಅತ್ತಿತ್ತ ನೋಡಿದ, ಯಾರೂ ಏನನ್ನೂ ತೊಗೊಂಡು ಬರಲಿಲ್ಲ. ಮುಖದ ಮೇಲೆ ಅಣ್ಣಾರಾಯ ಎಂದೂ ಕಾಣದ ಒಂದು ಕಳೆ ಬಂತು.

'ಕಸ್ತೂರಿ' ಎಂದು ಕರೆದ. ಅವಳು ಬಾಗಿಲಿಂದ ಮುಂದೆ ಬಂದಳು. 'ನಿಮ್ಮ ಮನ್ಯಾಗ ಹಿಂಗ ಉಣ್ಣಾಕ ಬಿಟ್ಟಿದ್ರ ನಾ ವರ್ಸಾ ಬರ್ತಿದ್ದೆ. ಸಾಕು ಅಂದ್ರ ನಂಬೂದಿಲ್ಲ ಮಂದಿ ಅಲ್ಲಿ. ಕೈ ತಗದು, ಆಣಿ ಹಾಕಿ, ಬಾಯಾಗ ತುರುಕ್ತಾರ. ನಾಗಣ್ಣ ಕಾಲ ಮ್ಯಾಲ ಬಿದ್ದು ಜಿಲೇಬಿ ಹಾಕಿದ ಒಮ್ಮೆ. ಮೂರು ದಿನಾ ಎದ್ದಿಲ್ಲ ನಾನು. ಅಂಜಿಕಿ ಬರ್ತದವಾ ನಿನ್ನ ಮನೀಗಿ ಬರಾಕ.'

ಕಸ್ತೂರಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು, ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇರಬೇಕು. 'ಇಷ್ಟ ಏನಪ್ಪಾ? ಇಷ್ಟ ಹೇಳಾಕ ಏನಾಗಿತ್ತು?' ಎಂದಳು.

'ಹೇಳಿದ್ದೆ. ಸಾಕು ಅಂತ ಹೇಳಿದ್ದೆ' ಎಂದ ಅವಳ ಅಪ್ಪ.

ಅಣ್ಣಾರಾಯ ಮುರಿದ ತುತ್ತನ್ನು ತಿರುಗಿ ತಾಟಿಗೆ ಇಟ್ಟ. ಒಂದು ಮನೆಯಲ್ಲಿ ತಾನು ಹಸಿದು ಮಲಗಿದ್ದ, ಇನ್ನೊಂದು ಮನೆಯಲ್ಲಿ ಈ ಮುದುಕ ಹೊಟ್ಟೆ ಹಿಡಿದುಕೊಂಡು ಹೊರಳಿದ್ದ, ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಬಾಯಲ್ಲಿದ್ದುದನ್ನು ನುಂಗಿದ.

'ಮಾಮಾ, ರೊಕ್ಕ ಬೇಕು.'

ಸಾತಲಿಂಗಪ್ಪ ತಿರುಗಿದ. 'ಮುಂಜಾನಿ ಕೊಟ್ಟಿದ್ನಲ್ಲ. ಬ್ಯಾಡ ಅಂದ್ರಿ.'

ಕಸ್ತೂರಬಾಯಿಯ ತಲೆ ಸರ್ರನೆ ಗಂಡನ ಕಡೆ ತಿರುಗಿತು. ಅಣ್ಣಾರಾಯ ಅವಳನ್ನು ನೋಡುವ ಧೈರ್ಯ ಮಾಡಲಿಲ್ಲ. 'ಸುಳ್ಳ ಹೇಳಿದ್ದೆ, ಮಾಮಾ. ಬೇಕಾಗಿತ್ತು.'

'ಬೇಕಾದದ್ದಕ್ಕ ಬ್ಯಾಡ ಅಂತಾರೇನು ಯಾರರ?'

'ನಾವೆಲ್ಲಾ ಹಂಗ ಅಂತೀವ್ರಿ' ಎಂದ ಹಣಮಂತಪ್ಪ, ತುಂಬಿದ ಬಾಯಲ್ಲಿ, ಗೂಟಕ್ಕೆ ಒರಗಿಕೊಂಡೇ.

ಸಾತಲಿಂಗಪ್ಪ ಆ ಮಾತನ್ನು ತುಸು ಹೊತ್ತು ತೂಗಿ ನೋಡಿದ. ಅರ್ಥವಾಯಿತೋ ಇಲ್ಲವೋ, ತನ್ನ ತಾಟು ಕೆಳಗಿಟ್ಟು, ಕೈ ತೊಳೆದು, ಒಳಜೇಬಿನ ಗುಂಡಿ ಬಿಚ್ಚಿ ಗಂಟು ತೆಗೆದು ಮುಂದೆ ಹಿಡಿದ. ಅಣ್ಣಾರಾಯನ ಎಡಭುಜದಲ್ಲಿ ಆ ಹಳೆಯ ಚಲನೆ ಹುಟ್ಟಿತು. ಅದು ಮೊಣಕೈತನಕ ಇಳಿಯಿತು. ಅಲ್ಲಿಗೆ ನಿಂತಿತು. ಎಡಗೈಯಲ್ಲಿ ತಾಟು ಇತ್ತು, ತಾಟಿನಲ್ಲಿ ಆಮ್ಟಿ ತುಂಬಿದ ಬಟ್ಟಲಿತ್ತು. ಅಲ್ಲಾಡಿಸಿದರೆ ಎಲ್ಲವೂ ಮಾವನ ಅಂಗಿಯ ಮೇಲೆ. ಬಲಗೈ ಮಣಿಕಟ್ಟಿನತನಕ ಎಂಜಲು. ಬೇಡ ಅನ್ನಲು ಅವನ ಹತ್ತಿರ ಕೈಯೇ ಉಳಿದಿರಲಿಲ್ಲ. ಇಸಿದುಕೊಳ್ಳಲೂ ಇರಲಿಲ್ಲ. ಸಹಾಯಕ್ಕೆಂದು ಹೆಂಡತಿಯ ಕಡೆ ನೋಡಿದ. ಕಸ್ತೂರಬಾಯಿ ಎರಡೂ ಕೈ ಸೆರಗಿನೊಳಗೆ ಕಟ್ಟಿಕೊಂಡು, ತುಟಿ ಬಿಗಿಹಿಡಿದು, ಒಂದು ಹೆಜ್ಜೆಯನ್ನೂ ಮುಂದಿಡದೆ ನಿಂತಿದ್ದಳು.

ಅಣ್ಣಾರಾಯ ತಾಟನ್ನೇ ಮುಂದೆ ಚಾಚಿದ.

ಸಾತಲಿಂಗಪ್ಪ ತಾಟಿನೊಳಗೆ ಬಗ್ಗಿ ನೋಡಿದ. ಚಟ್ನಿಗೂ ಹೋಳಿಗೆಗೂ ನಡುವೆ ಒಣಗಿದ ಜಾಗವೊಂದನ್ನು ಹುಡುಕಿ, ಗಂಟನ್ನು ಜೋಪಾನವಾಗಿ ಅಲ್ಲಿ ಬಡಿಸಿದ. ಅಂಗಳದಲ್ಲಿ ಉಣ್ಣುತ್ತಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದ್ದರು.

'ಸಾಕೇನು?' ಎಂದು ಕೇಳಿದ.

ಅಣ್ಣಾರಾಯ ಗಂಟನ್ನು ನೋಡಿದ, ಮಾವನನ್ನು ನೋಡಿದ.

'ಸಾಲೂದಿಲ್ರಿ' ಎಂದ. 'ಇನ್ನೊಂದೀಟು ಹಾಕ್ರಿ.'